ಬರಿಗಾಲು ಮೇಸ್ತ್ರಿಯ ಎಡಗಾಲು

ಆ ಗ್ಯಾರೇಜಿಗೆ ಬೋರ್ಡೇನೋ ಇತ್ತು, ಆದರೆ ಬೋರ್ಡು ಓದಿಕೊಂಡು ಬಂದವರು ಕಡಿಮೆ. ‘ಬರಿಗಾಲು ಮೇಸ್ತ್ರಿ ಎಲ್ಲಿ ಸಿಗ್ತಾರೆ?’ ಎಂದು ಬೀದಿಯ ತಿರುವಿನಲ್ಲಿ ಕೇಳಿಕೊಂಡೇ ಜನ ಬರುತ್ತಿದ್ದರು. ಕಾರು ಯಾರದೇ ಇರಲಿ, ಒಳಗೆ ಕೂರುವ ಮೊದಲು ಮೇಸ್ತ್ರಿ ಬಾಗಿಲ ಬಳಿ ಚಪ್ಪಲಿ ಬಿಡುತ್ತಿದ್ದ. ಅಂಗಾಲನ್ನು ಪ್ಯಾಂಟಿಗೆ ಒಮ್ಮೆ ಒರೆಸಿಕೊಂಡು, ಕಣ್ಣು ಮುಚ್ಚಿ, ಕ್ಲಚ್ ಪೆಡಲನ್ನು ಮೆಲ್ಲಗೆ ಒತ್ತುತ್ತಿದ್ದ. ಪೆಡಲು ನೆಲ ಮುಟ್ಟಿ ಮೇಲೆ ಬರುವಷ್ಟರಲ್ಲಿ ತೀರ್ಮಾನ ಆಗಿಬಿಡುತ್ತಿತ್ತು. ಕೇಬಲಿನ ಎಳೆ ಹರಿದಿದೆ, ಇಲ್ಲವೇ ಪ್ಲೇಟು ಸವೆದಿದೆ, ಇಲ್ಲವೇ ಏನೂ ಆಗಿಲ್ಲ, ಸುಮ್ಮನೆ ಮನೆಗೆ ಹೋಗಿ. ಬಿಚ್ಚಿ ನೋಡಿದರೆ ಅವನು ಹೇಳಿದ್ದೇ ಇರುತ್ತಿತ್ತು.

“ನಾನು ಹೇಳಿದ್ದಕ್ಕೆ ಕಿವಿ ಕೊಡಲ್ಲ, ಕ್ಲಚ್ಚು ಹೇಳಿದ್ದಕ್ಕೆ ಕಾಲು ಕೊಡ್ತಾರೆ,” ಎಂದು ಹೆಂಡತಿ ಬಂದವರೆದುರೇ ಆಡಿಕೊಳ್ಳುತ್ತಿದ್ದಳು. ಮೇಸ್ತ್ರಿ ಹಲ್ಲು ಕಿರಿಯುತ್ತಿದ್ದ.

ಒಬ್ಬಳೇ ಮಗಳು. ಬೇರೆ ಎಲ್ಲೂ ಮನಸ್ಸು ನಿಲ್ಲದೆ ಅಪ್ಪನ ಜೊತೆಯಲ್ಲೇ ಕೆಲಸಕ್ಕೆ ಇಳಿದು, ಮದುವೆಯಾದ ಮೇಲೂ ಬೆಳಗಾದರೆ ಗ್ಯಾರೇಜಿಗೇ ಬರುತ್ತಿದ್ದಳು. ಇಬ್ಬರ ಜಗಳವೆಲ್ಲ ಒಂದೇ ವಿಷಯಕ್ಕೆ. ಅವಳು ದಪ್ಪ ಬೂಟು ಬಿಚ್ಚುತ್ತಿರಲಿಲ್ಲ.

“ಬೂಟು ಹಾಕ್ಕೊಂಡು ಪೆಡಲ್ ತುಳಿಯೋದೂ ಒಂದೇ, ಕಂಬಳಿ ಸುತ್ಕೊಂಡು ನಾಡಿ ಹಿಡಿಯೋದೂ ಒಂದೇ,” ಎನ್ನುತ್ತಿದ್ದ ಅವನು.

“ಕಾಲ ಮೇಲೆ ಜಾಕ್ ಬಿದ್ರೆ ನಾಡಿ ಹಿಡಿಯೋಕೆ ನೀನೇ ಬರಬೇಕಾಗತ್ತೆ,” ಎನ್ನುತ್ತಿದ್ದಳು ಅವಳು.

ಇಷ್ಟೆಲ್ಲ ಹೆಸರು ಮಾಡಿದ ಆ ಎಡಗಾಲು ಈಚೆಗೆ ಮೇಸ್ತ್ರಿಗೆ ಹೆದರಿಕೆ ಹುಟ್ಟಿಸತೊಡಗಿತ್ತು. ಅದನ್ನು ಅವನು ಯಾರ ಹತ್ತಿರವೂ ಬಾಯಿ ಬಿಟ್ಟು ಹೇಳಿರಲಿಲ್ಲ.

ಮೊದಮೊದಲು ನೆಲದ ಮೇಲೆ ಯಾರೋ ಹತ್ತಿ ಹಾಸಿದ ಹಾಗೆ ಅನ್ನಿಸಿತು. ಸಿಮೆಂಟು ನೆಲ ಗಟ್ಟಿ ಅನ್ನುವುದು ಕಣ್ಣಿಗೆ ಗೊತ್ತು, ಕಾಲಿಗೆ ಗೊತ್ತಿಲ್ಲ. ಆಮೇಲೆ ಒಂದು ದಿನ ಬೀದಿಯಲ್ಲಿ ನಡೆದು ಬರುವಾಗ ದಿನಸಿ ಅಂಗಡಿಯವನು ಹಿಂದಿನಿಂದ ಕೂಗಿದ: “ಮೇಸ್ತ್ರೇ, ಚಪ್ಪಲಿ ನನಗೆ ಬಿಟ್ಟು ಹೋಗ್ತಿದ್ದೀರಾ?” ತಿರುಗಿ ನೋಡಿದರೆ ಎಡಗಾಲಿನ ಚಪ್ಪಲಿ ಅಷ್ಟು ದೂರದಲ್ಲಿ ರಸ್ತೆಯ ನಡುವೆ ಬಿದ್ದಿತ್ತು. ಅದು ಯಾವಾಗ ಕಳಚಿತೋ ಅವನಿಗೆ ಗೊತ್ತೇ ಆಗಿರಲಿಲ್ಲ. ಅಂಗಡಿಯವನ ಜೊತೆ ತಾನೂ ನಕ್ಕ. ಮನೆಗೆ ಬಂದು ಕಾಲು ತೊಳೆಯುವಾಗ ಮಾತ್ರ ನಗು ಬರಲಿಲ್ಲ.

ಇನ್ನೊಂದು ಸಲ, ರಜೆಯ ದಿನ ಊಟ ಮಾಡಿ ಅಡ್ಡಾಗಿದ್ದ. ಕಿಟಕಿಯಿಂದ ಬಿಸಿಲು ಹಾಸಿಗೆಯ ಮೇಲೆ ಬಿದ್ದಿತ್ತು. ಜೊಂಪು ಹತ್ತುವ ಹೊತ್ತಿಗೆ ಬಲಗಾಲಿಗೆ ಏನೋ ತಣ್ಣಗೆ ತಾಗಿತು. ಯಾರದೋ ಪಾದ. ಹೆಂಡತಿ ಬಂದು ಮಲಗಿದಳೇನೋ ಅಂದುಕೊಂಡ. ಅಷ್ಟರಲ್ಲಿ ಅಡುಗೆಮನೆಯಿಂದ ಅವಳು ಪಾತ್ರೆ ತೊಳೆಯುವ ಸದ್ದು ಕೇಳಿಸಿತು. ದಡಬಡಿಸಿ ಎದ್ದು ಕೂತ. ಹೊದಿಕೆ ತೆಗೆದು ನೋಡಿದರೆ ಅಲ್ಲಿದ್ದದ್ದು ಅವನದೇ ಎರಡು ಕಾಲು. ಬಲಗಾಲಿಗೆ ತಾಗಿದ್ದು ಅವನ ಎಡಗಾಲೇ. ಆದರೆ ಎಡಗಾಲಿಗೆ ಬಲಗಾಲು ತಾಗಿರಲಿಲ್ಲ.

ಸಕ್ಕರೆ ಕಾಯಿಲೆ ಇದೆ ಎಂದು ಡಾಕ್ಟರು ಹೇಳಿ ಎಷ್ಟೋ ಕಾಲವಾಗಿತ್ತು. ನೆನಪಾದಾಗ ಮಾತ್ರೆ ನುಂಗುತ್ತಿದ್ದ. ಇದಕ್ಕೂ ಅದಕ್ಕೂ ಗಂಟು ಹಾಕುವ ಧೈರ್ಯ ಅವನಿಗಿರಲಿಲ್ಲ. ಪೆಡಲ್ ಮುಟ್ಟಿದರೆ ಸರಿಹೋಗುತ್ತದೆ, ಅಲ್ಲಿಯಾದರೂ ಅದಕ್ಕೆ ಎಚ್ಚರವಿರುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ.

ಹೀಗಿರುವಾಗ ನರ್ಸಮ್ಮನ ಕಾರು ಕ್ಲಚ್ ಬದಲಾಯಿಸಲು ಬಂತು. ಈಕೆ ಆಸ್ಪತ್ರೆಯ ನರ್ಸಲ್ಲ. ಇನ್ನು ಔಷಧಿಯಿಂದ ಆಗುವುದೇನೂ ಇಲ್ಲ ಎಂದು ಆಸ್ಪತ್ರೆಯವರು ಮನೆಗೆ ಕಳಿಸಿದವರ ಹತ್ತಿರ ಹೋಗಿ, ನೋವಿಗೆ ಮದ್ದು ಕೊಟ್ಟು, ಬಾಯಿಗೆ ನೀರು ಬಿಟ್ಟು, ಕೊನೆಯವರೆಗೆ ಪಕ್ಕದಲ್ಲಿ ಕೂರುವುದು ಆಕೆಯ ಕೆಲಸ. ಮನೆಗಳು ದೂರದೂರ, ಹಾಗಾಗಿ ಕಾರೇ ಆಕೆಯ ಅರ್ಧ ಮನೆ. ಹಿಂದಿನ ಸೀಟಿನಲ್ಲಿ ಸದಾ ಒಗೆದ ಬಿಳಿ ಬಟ್ಟೆಗಳ ಒಂದು ಗಂಟು ಇರುತ್ತಿತ್ತು. ಕಾರಿನೊಳಗೆ ಸ್ಪಿರಿಟ್ಟಿನ ವಾಸನೆ.

ಆ ಕ್ಲಚ್ಚನ್ನು ಮಗಳು ಒಬ್ಬಳೇ ಬದಲಾಯಿಸಿದಳು. ಗೇರ್‌ಬಾಕ್ಸ್ ಇಳಿಸುವುದರಿಂದ ಹಿಡಿದು ವಾಪಸ್ ಏರಿಸುವವರೆಗೆ ಮೇಸ್ತ್ರಿ ಕೈ ಹಾಕಲಿಲ್ಲ. ಕೊನೆಗೆ ಚಪ್ಪಲಿ ಬಿಟ್ಟು, ಕೂತು, ಕಣ್ಣು ಮುಚ್ಚಿ ಒತ್ತಿ ನೋಡಿ, “ಬೆಣ್ಣೆ ಕಣೆ,” ಎಂದ. ಮಗಳ ಮುಖ ಊರಗಲ ಆಯಿತು.

ಕೆಲವು ದಿನಗಳಾದ ಮೇಲೆ ನರ್ಸಮ್ಮ ಮತ್ತೆ ಬಂದರು. ಮಗಳು ಸಾಮಾನು ತರಲು ಹೋಗಿದ್ದಳು.

“ಮೇಸ್ತ್ರೇ, ಪೆಡಲ್ ಗಟ್ಟಿಯಾಗಿದೆ.”

“ಹೊಸ ಕ್ಲಚ್ ಅಲ್ವಾ ನರ್ಸಮ್ಮ, ಶುರುವಿನಲ್ಲಿ ಸ್ವಲ್ಪ ಬಿಗಿ ಇರತ್ತೆ.”

“ಬಿಗಿ ಅಂದ್ರೆ ನನಗೆ ಗೊತ್ತಾಗತ್ತೆ. ಇದು ಹಾಗಲ್ಲ.” ಆಕೆ ಸುತ್ತ ಒಮ್ಮೆ ನೋಡಿ ದನಿ ತಗ್ಗಿಸಿದರು. “ಆ ಕಡೆಯಿಂದ ಯಾರೋ ಕಾಲು ಕೊಟ್ಟು ತಡೆದ ಹಾಗಿರತ್ತೆ. ನಾನು ಒತ್ತಿದಷ್ಟೂ ಅವರೂ ಒತ್ತುತ್ತಾರೆ. ಆಮೇಲೆ ಇದ್ದಕ್ಕಿದ್ದ ಹಾಗೆ ಬಿಟ್ಟುಬಿಡ್ತಾರೆ.”

“ಯಾವಾಗಲೂನಾ?”

“ನಗಬಾರದು ನೀವು. ಹೋಗುವಾಗ ಚೆನ್ನಾಗೇ ಇರತ್ತೆ. ಜೀವ ಹೋದ ಮನೆಯಿಂದ ವಾಪಸ್ ಬರುವಾಗ ಮಾತ್ರ ಹಾಗೆ.”

ಮೇಸ್ತ್ರಿ ನಗಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಕೂತು ಪೆಡಲ್ ಒತ್ತಿದ. ನೀರಿನಲ್ಲಿ ಕಾಲು ಇಳಿದ ಹಾಗೆ ಇಳಿಯಿತು. ಇನ್ನೊಮ್ಮೆ ಒತ್ತಿದ. ಯಾವ ತಡೆಯೂ ಇಲ್ಲ. ನಿದ್ದೆಗೆಟ್ಟು ಸಾವಿನ ಪಕ್ಕದಲ್ಲಿ ಕೂತು ಬಂದವರಿಗೆ ಏನೇನೋ ಅನ್ನಿಸುತ್ತದೆ ಎಂದುಕೊಂಡ. ಹಾಗೆಂದು ಹೇಳಲಾಗದೆ, “ಕೇಬಲಿಗೆ ಸ್ವಲ್ಪ ಎಣ್ಣೆ ಬಿಟ್ಟಿದ್ದೀನಿ, ನೋಡಿ,” ಎಂದು ಕಳಿಸಿದ.

ಮತ್ತೆ ಬಂದಾಗ ಮಧ್ಯಾಹ್ನದ ಬಿಸಿಲು. ಕಾರು ದಾರಿಯುದ್ದಕ್ಕೂ ಎರಡನೇ ಗೇರಿನಲ್ಲೇ ಅರಚಿಕೊಂಡು ಬಂದು ಗ್ಯಾರೇಜಿನೊಳಗೆ ಜರ್ಕು ಹೊಡೆದು ನಿಂತಿತು. ನರ್ಸಮ್ಮ ಇಳಿದವರೇ ಬಾಗಿಲು ಹಿಡಿದುಕೊಂಡು ನಿಂತರು. ಎಡಗಾಲು ನಡುಗುತ್ತಿತ್ತು.

“ನನ್ನ ಕೈಲಾಗಲ್ಲ. ಎರಡೂ ಕಾಲು ಹಾಕಿ ತುಳಿದೆ. ಬಿಡಲೇ ಇಲ್ಲ ಅವರು.”

ಆಕೆ ‘ಅವರು’ ಎಂದದ್ದು ಕೇಳಿ ಮಗಳು ಅಪ್ಪನ ಮುಖ ನೋಡಿದಳು. ಆಮೇಲೆ ತಾನೇ ಕೂತು ಬೂಟುಗಾಲಿನಲ್ಲಿ ಒತ್ತಿದಳು. ಪೆಡಲ್ ಅರ್ಧಕ್ಕೆ ಹೋಗಿ ಗೋಡೆಗೆ ತಗುಲಿದಂತೆ ನಿಂತಿತು. ಸೀಟಿಗೆ ಬೆನ್ನು ಆನಿಸಿ ಜೋರಾಗಿ ತಳ್ಳಿದಳು. ಅದು ಒಂದು ಕ್ಷಣ ಹಿಂದಕ್ಕೇ ತಳ್ಳಿತು, ನಂತರ ‘ಟಕ್’ ಎಂದು ಸಡಿಲಾಗಿ ನೆಲಕ್ಕೆ ಬಿತ್ತು.

“ಅಪ್ಪಾ!”

“ಸರಿ ಇಳಿ,” ಎಂದು ಮೇಸ್ತ್ರಿ ಕೂತ. ಚಪ್ಪಲಿ ಹೊರಗಿತ್ತು. ಅಂಗಾಲು ಒರೆಸಿಕೊಂಡ. ಕಣ್ಣು ಮುಚ್ಚಿದ. ಒತ್ತಿದ.

ನೀರು.

ಮತ್ತೆ ಒತ್ತಿದ. ತೊಡೆಯ ಮೇಲೆ ಏನೋ ಸ್ವಲ್ಪ ಭಾರ ಬಿದ್ದಂತಾಯಿತು, ಆದರೆ ಜೀವಮಾನವಿಡೀ ಅವನು ತೊಡೆಯ ಮಾತು ಕೇಳಿದವನಲ್ಲ. ಕೇಳಿದ್ದು ಅಂಗಾಲಿನ ಮಾತು, ಆ ಅಂಗಾಲು ಏನೂ ಇಲ್ಲ ಅನ್ನುತ್ತಿತ್ತು. ಮಗಳು ಕೂತಳು, ಪೆಡಲ್ ಗಟ್ಟಿ. ಅವನು ಕೂತ, ಪೆಡಲ್ ಮೆದು. ಅವಳ ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು.

“ಅಪ್ಪ, ನನ್ನ ಕೆಲಸ ಕೆಟ್ಟಿದ್ರೆ ಕೆಟ್ಟಿದೆ ಅನ್ನು. ನನಗೋಸ್ಕರ ಮುಚ್ಚಿಡಬೇಡ.”

“ನಿನ್ನಾಣೆ, ನನ್ನ ಕಾಲಿಗೆ ಏನೂ ಸಿಗ್ತಿಲ್ಲ ಕಣೆ.”

ಅವಳಿಗೆ ಅದು ಸುಳ್ಳಲ್ಲ ಎಂದು ಗೊತ್ತಾಯಿತು. ಗೊತ್ತಾದದ್ದೇ ತೊಂದರೆಯಾಯಿತು. ಮೂವರೂ ಕಾರಿನಿಂದ ಒಂದು ಹೆಜ್ಜೆ ದೂರ ಸರಿದು ನಿಂತರು. ಇಂಜಿನ್ ತಣಿಯುತ್ತಾ ಚಿಟ್ ಚಿಟ್ ಎನ್ನುತ್ತಿತ್ತು. ಒಳಗೆ ಯಾರೂ ಇಲ್ಲದ ಸೀಟಿನ ಕೆಳಗೆ ಪೆಡಲ್ ಇನ್ನೂ ಪೂರ್ತಿ ಮೇಲೆ ಬಂದಿರಲಿಲ್ಲ. ಅವರು ನೋಡುತ್ತಿದ್ದಂತೆ ನಿಧಾನವಾಗಿ, ಯಾರೋ ಕಾಲು ಎತ್ತಿಕೊಂಡಂತೆ, ಮೇಲೆ ಬಂದು ನಿಂತಿತು.

ಮಗಳು ಹೆದರಿದರೆ ಕೆಲಸಕ್ಕೆ ಕೈ ಹಚ್ಚುವವಳು. ಬಾನೆಟ್ ಎತ್ತಿ, ಗೇರ್‌ಬಾಕ್ಸಿನ ಬಳಿ ಕ್ಲಚ್ ಕೇಬಲಿನ ತುದಿ ಕಳಚಿ, ಪೆಡಲನ್ನು ಕೈಯಿಂದ ಒತ್ತಿದಳು. ಸಲೀಸಾಗಿ ಹೋಯಿತು. ಹಾಗಾದರೆ ಪೆಡಲಿನ ಬುಡದಲ್ಲಿ ದೋಷವಿಲ್ಲ. ಎಳೆತ ಬಿದ್ದಾಗ ಕೇಬಲ್ ಒಳಗೇ ಹಿಡಿಯುತ್ತಿರಬಹುದೆಂದು ಹೊಸ ಕೇಬಲ್ ಹಾಕಿದಳು. ಕಾರು ಹೊರಗೆ ತೆಗೆದು ಸುತ್ತಿಸಿ ಬಂದಳು. ಅವಳು ಒತ್ತಿದಾಗ ಮತ್ತೆ ಗೋಡೆ. “ಇನ್ನೊಂದ್ಸಲ ನೀನು ನೋಡು,” ಎಂದಳು. ಅವನು ಒತ್ತಿದ. ಮತ್ತೆ ನೀರೇ.

ಅವನು ಇಳಿದ ಮೇಲೆ ಅವಳು ಟಾರ್ಚು ಹಿಡಿದು ಬಗ್ಗಿದಳು. ಪೆಡಲಿನ ರಬ್ಬರು ಒದ್ದೆಯಾಗಿ ಹೊಳೆಯುತ್ತಿತ್ತು.

“ಎಣ್ಣೆ ಎಲ್ಲಿಂದ ಬಂತು? ಇಲ್ಲಿ ಎಣ್ಣೆ ಬರೋ ದಾರಿನೇ ಇಲ್ಲವಲ್ಲ.” ಬೆರಳಿನಿಂದ ಒರೆಸಿ ಬೆಳಕಿಗೆ ಹಿಡಿದಳು.

ನರ್ಸಮ್ಮ ಅವಳ ಮಣಿಕಟ್ಟು ಹಿಡಿದು ಬೆರಳನ್ನು ಹತ್ತಿರ ತಂದುಕೊಂಡರು. ತುಂಬ ಹೊತ್ತು ನೋಡಲಿಲ್ಲ.

“ಇದು ಎಣ್ಣೆ ಅಲ್ಲಮ್ಮ. ರಕ್ತ.”

ಮಗಳು ಬೂಟು ಎತ್ತಿ ನೋಡಿಕೊಂಡಳು. ನರ್ಸಮ್ಮ ತಮ್ಮ ಬಿಳಿ ಕ್ಯಾನ್ವಾಸ್ ಷೂ ನೋಡಿಕೊಂಡರು. ಏನೂ ಇರಲಿಲ್ಲ. ಆಗ ಮೇಸ್ತ್ರಿಗೆ ನೆಲದ ಮೇಲಿನದು ಕಂಡಿತು. ಕಾರಿನ ಬಾಗಿಲಿನಿಂದ ಶುರುವಾಗಿ ಸಿಮೆಂಟಿನ ಮೇಲೆ ಕಪ್ಪುಗೆಂಪು ಗುರುತು. ಹೆಬ್ಬೆರಳು, ಅದರ ಕೆಳಗಿನ ಉಬ್ಬು, ಪಾದದ ಅಂಚು. ಬರಿಗಾಲಿನ ಹೆಜ್ಜೆ. ಒಂದೇ ಕಾಲಿನದು, ಎಡಗಾಲಿನದು.

“ಯಾರಿದ್ದಾರೆ ಇಲ್ಲಿ?” ಎಂದ ಮೇಸ್ತ್ರಿ. ಅವನ ದನಿ ಅವನಿಗೇ ಹೊಸದಾಗಿ ಕೇಳಿಸಿತು.

ಹೆಜ್ಜೆಗಳ ಜಾಡು ಹಿಡಿದು ಹೊರಟ. ಅವು ಸ್ಪ್ಯಾನರುಗಳ ಬೆಂಚಿನವರೆಗೆ ಹೋಗಿದ್ದವು. ಅಲ್ಲಿಂದ ನಲ್ಲಿಗೆ. ನಲ್ಲಿಯ ಹತ್ತಿರ ಸ್ವಲ್ಪ ಹೊತ್ತು ನಿಂತಿರಬೇಕು, ಒಂದರ ಮೇಲೊಂದು ಬಿದ್ದು ಗುರುತು ಕಲಸಿಹೋಗಿತ್ತು. ಮತ್ತೆ ಕೇಬಲ್ ನೇತುಹಾಕಿದ ಗೋಡೆಯ ಕಡೆಗೆ. ಯಾರೋ ಈಗಷ್ಟೇ, ಇವರೆಲ್ಲ ಕಾರಿನ ಸುತ್ತ ಇದ್ದಾಗಲೇ, ಕುಂಟುತ್ತಾ ಗ್ಯಾರೇಜು ಸುತ್ತಿದ್ದರು. ಟೈರುಗಳ ರಾಶಿಯ ಹಿಂದೆ ಇಣುಕಿದ. ಯಾರೂ ಇಲ್ಲ. ತಿರುಗಿದರೆ, ತಾನು ಬರುವಾಗ ಖಾಲಿಯಿದ್ದ ನೆಲದ ಮೇಲೆ ಈಗ ಹೊಸ ಹೆಜ್ಜೆಗಳಿದ್ದವು, ಹಸಿಹಸಿಯಾಗಿ. ಅವು ತನ್ನ ಬೆನ್ನಿಗೇ ಬಂದಿದ್ದವು. ಬೆಂಚಿನ ಕಡೆಗೆ ಸರಿದ, ಅಲ್ಲಿಗೂ ಬಂದವು. ಹುಡುಕಿದಷ್ಟೂ ಹೆಚ್ಚುತ್ತಿದ್ದವು.

ಮಗಳು ಟಾರ್ಚು ಹಿಡಿದು ಹೆಜ್ಜೆಗಳನ್ನೇ ನೋಡುತ್ತಾ ಅವನ ಹಿಂದೆ ಬರುತ್ತಿದ್ದಳು. ಕೊನೆಯ ಗುರುತಿನ ಹತ್ತಿರ ಬೆಳಕು ನಿಂತಿತು. ಬೆಳಕು ಮೇಲೇರಿ ಅವನ ಮಡಿಸಿದ ಪ್ಯಾಂಟಿನ ಅಂಚು ಮುಟ್ಟಿತು.

“ಮೇಸ್ತ್ರೇ,” ಎಂದರು ನರ್ಸಮ್ಮ, ನಿದ್ದೆಯಲ್ಲಿ ನಡೆಯುವವರನ್ನು ಕರೆಯುವ ದನಿಯಲ್ಲಿ. “ಅಲ್ಲೇ ನಿಲ್ಲಿ. ಅಲ್ಲಾಡಬೇಡಿ. ಮಗಳೇ, ಒಂದು ಸ್ಟೂಲ್ ತಾ.”

ಅವನನ್ನು ಕೂರಿಸಿ, ಎಡಗಾಲನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡರು. ಹೆಬ್ಬೆರಳಿನ ಕೆಳಗೆ ಅಂಗಾಲಿನ ಮಾಂಸದೊಳಗೆ ಒಂದು ಮುರಿದ ಸ್ಪ್ರಿಂಗಿನ ಮೊನೆ ಹೊಕ್ಕಿತ್ತು. ಸುತ್ತಲಿನ ಚರ್ಮ ಕಪ್ಪಾಗಿತ್ತು. ಅದು ಇವತ್ತಿನದಲ್ಲ ಎಂದು ಮಗಳಿಗೂ ಗೊತ್ತಾಯಿತು. ಅವಳು ಬಾಯಿಗೆ ಕೈ ಅಡ್ಡ ಹಿಡಿದಳು.

ಮೇಸ್ತ್ರಿ ಹಲ್ಲು ಕಚ್ಚಿ, ಸ್ಟೂಲಿನ ಅಂಚು ಬಿಗಿಯಾಗಿ ಹಿಡಿದು ಕಣ್ಣು ಮುಚ್ಚಿಕೊಂಡ. ಕಾದ. “ತೆಗೀರಿ ನರ್ಸಮ್ಮ, ನಾನು ತಡ್ಕೋತೀನಿ.”

“ತೆಗೆದಾಯ್ತು,” ಎಂದರು ಆಕೆ.

ಕಣ್ಣು ಬಿಟ್ಟು ನೋಡಿದ. ಸ್ಪ್ರಿಂಗಿನ ತುಂಡು ಬಿಳಿ ಬಟ್ಟೆಯ ಮೇಲಿತ್ತು. ಆಕೆ ಆಗಲೇ ಗಾಯದೊಳಗೆ ಬೆರಳಿಟ್ಟು ಒರೆಸುತ್ತಿದ್ದರು. ಅವನು ಅದನ್ನು ಬೇರೆ ಯಾರಿಗೋ ಮಾಡುತ್ತಿರುವಂತೆ ನೋಡುತ್ತಾ ಕೂತ.

“ಎಷ್ಟು ದಿನ ಆಯ್ತು?”

“ಯಾವುದು? ಗಾಯನಾ?”

“ಅಲ್ಲ. ಕಾಲು ಹೋಗಿ.”

ಮಗಳು ಹೊರಗೆ ಹೋಗಿ ಮುಖ ತೊಳೆದುಕೊಂಡು ಬಂದಳು. ಅವನು ಬಾಗಿಲ ಬಳಿ ಬಿಟ್ಟಿದ್ದ ಚಪ್ಪಲಿಯನ್ನು ತಂದು ಅವನ ಮುಂದಿಟ್ಟಳು.

ಮರುದಿನ ಆಸ್ಪತ್ರೆಗೆ ಹೋಗುವುದೆಂದು ತೀರ್ಮಾನವಾಯಿತು. ಆದರೆ ಮಧ್ಯಾಹ್ನಕ್ಕೆ ಮೊದಲು ಡಾಕ್ಟರು ಸಿಗುವುದಿಲ್ಲ ಎಂದರು. ಹಾಗಾಗಿ ಬೆಳಿಗ್ಗೆ ಅವನು ಗ್ಯಾರೇಜಿಗೇ ಬಂದು ಕೂತ. ಹೆಂಡತಿಯೂ ಬಂದಿದ್ದಳು. ಅವಳಿಗೆ ಆ ದಿನ ಒಂದೂ ತಮಾಷೆ ಮಾತು ಹೊಳೆಯಲಿಲ್ಲ. ಬ್ಯಾಂಡೇಜಿನ ಕಾಲಿನ ಕೆಳಗೆ ದಿಂಬು ಇಡುತ್ತಾಳೆ, ತೆಗೆದು ಸರಿಮಾಡುತ್ತಾಳೆ, ಮತ್ತೆ ಇಡುತ್ತಾಳೆ. ಮಗಳು ನರ್ಸಮ್ಮನ ಕಾರಿನ ಗೇರ್‌ಬಾಕ್ಸ್ ಇಳಿಸಿದಳು.

ಪ್ರೆಶರ್ ಪ್ಲೇಟು ಸರಿಯಾದದ್ದೇ. ಪೆಡಲ್ ಒತ್ತಿದಾಗ ಬೇರಿಂಗನ್ನು ತಳ್ಳುವ ಫೋರ್ಕು ನೇರವಾಗಿತ್ತು. ಬೇರಿಂಗ್ ಹೊಸದು. ಅದು ಹಿಂದೆಮುಂದೆ ಜಾರುವ ಉಕ್ಕಿನ ಪೈಪು ಹಳೆಯದು, ಒರೆಸಿದಾಗ ಕನ್ನಡಿಯ ಹಾಗೆ ಹೊಳೆಯಿತು. ಅವಳು ಬೇರಿಂಗನ್ನು ಅದರ ಮೇಲೆ ಕೈಯಿಂದ ಜಾರಿಸಿದಳು. ಒಂದು ಕಡೆ ಸಣ್ಣಗೆ ತಡೆಯಿತು.

“ಅಪ್ಪ, ಇದು ನೋಡು. ಕೈಯಲ್ಲಿ ನೋಡು.”

ಅವನು ಉಗುರನ್ನು ಪೈಪಿನ ಮೇಲೆ ಎಳೆದ. ಉಗುರು ಸಿಕ್ಕಿಕೊಂಡಿತು. ಹಳೆಯ ಬೇರಿಂಗ್ ವರ್ಷಾನುಗಟ್ಟಲೆ ಒಂದೇ ಜಾಗದಲ್ಲಿ ಓಡಾಡಿ ಅಲ್ಲಿ ಕಣ್ಣಿಗೆ ಕಾಣದ ಒಂದು ಹಳ್ಳ ಕೊರೆದಿತ್ತು. ಹೊಸ ಕ್ಲಚ್ ಹಾಕಿದ ಮೇಲೆ ಬೇರಿಂಗ್ ಕೂರುವ ಜಾಗ ಕೊಂಚ ಬದಲಾಗಿ, ಆ ಹಳ್ಳದ ಅಂಚಿಗೆ ಬಂದು ಎಡವುತ್ತಿತ್ತು. ದೂರ ಓಡಿ ಲೋಹ ಕಾದಮೇಲೆ ಇನ್ನೂ ಬಿಗಿ. ನರ್ಸಮ್ಮ ಹೊರಡುತ್ತಿದ್ದದ್ದು ಬೆಳಗಿನ ತಂಪಿನಲ್ಲಿ, ದೂರದ ಮನೆಗಳಿಂದ ವಾಪಸಾಗುತ್ತಿದ್ದದ್ದು ಬಿಸಿಲಿನಲ್ಲಿ ನಿಂತು ಕಾದ ಕಾರಿನಲ್ಲಿ.

“ಚೆನ್ನಾಗಿ ಹಿಡಿದೆ,” ಎಂದ ಮೇಸ್ತ್ರಿ. ಉಗುರನ್ನು ಅಲ್ಲಿಂದ ತೆಗೆಯಲು ಅವನಿಗೆ ಮನಸ್ಸು ಬರಲಿಲ್ಲ. ಬೆರಳಿಗಾದರೂ ಎಚ್ಚರವಿದೆಯಲ್ಲ.

ಹೊಸ ಪೈಪು ಹಾಕಿ, ಗ್ರೀಸನ್ನು ತೆಳುವಾಗಿ ಸವರಿ, ಎಲ್ಲ ಜೋಡಿಸಿದಳು. ಪೆಡಲ್ ಒತ್ತಿ ನೋಡಿ ಎಂದು, ಕಾರು ಒಯ್ಯಲು ಬಂದಿದ್ದ ನರ್ಸಮ್ಮನಿಗೇ ಹೇಳಿದಳು. ಆಕೆ ಒತ್ತಿದರು. ಅದು ಯಾವ ತಕರಾರೂ ಇಲ್ಲದೆ ಇಳಿಯಿತು. ಮಗಳು ಹಳೆಯ ಪೈಪು ತೋರಿಸಿ ಎಲ್ಲ ವಿವರಿಸಿದಾಗ ಆಕೆ ಅದನ್ನು ಕೈಯಲ್ಲಿ ತಿರುಗಿಸುತ್ತಾ ಕೇಳಿಸಿಕೊಂಡರು.

“ಹಾಗಾದ್ರೆ ಯಾರೂ ಇರಲಿಲ್ಲ,” ಎಂದರು ಕೊನೆಗೆ. ಆ ದನಿಯಲ್ಲಿ ಸಮಾಧಾನಕ್ಕಿಂತ ಬೇಸರವೇ ಹೆಚ್ಚಿತ್ತು. “ನಾನು ಹೊರಡೋದು ಅವರಿಗೆ ಇಷ್ಟ ಇಲ್ಲವೇನೋ ಅಂದ್ಕೊಂಡಿದ್ದೆ.”

ಆಸ್ಪತ್ರೆಯಲ್ಲಿ ಮೇಸ್ತ್ರಿಯ ಹೆಬ್ಬೆರಳನ್ನೂ ಪಕ್ಕದ ಬೆರಳನ್ನೂ ತೆಗೆದರು. ತಡ ಮಾಡಿದ್ದರೆ ಪಾದವೇ ಹೋಗುತ್ತಿತ್ತಂತೆ. ಗಾಯ ಮಾಯುವವರೆಗೆ ನರ್ಸಮ್ಮ ದಾರಿಯಲ್ಲಿ ಹೋಗುವಾಗೆಲ್ಲ ಇಳಿದು ಬ್ಯಾಂಡೇಜು ಬದಲಾಯಿಸಿದರು. ಅಂಥ ಒಂದು ದಿನ ಅವನು ಮೆಲ್ಲಗೆ ಹೇಳಿದ:

“ನರ್ಸಮ್ಮ, ಹುಚ್ಚು ಅನ್ನಬೇಡಿ. ಆ ಬೆರಳು ಈಗ ಗೊತ್ತಾಗತ್ತೆ. ಇದ್ದಾಗ ಸತ್ತ ಹಾಗೆ ಬಿದ್ದಿತ್ತು. ಈಗ ಇಲ್ಲ, ಆದ್ರೆ ನೆಲದ ತಂಪು ಕೂಡ ಗೊತ್ತಾಗತ್ತೆ.”

“ಆಗತ್ತೆ ಮೇಸ್ತ್ರೇ. ಕಳ್ಕೊಂಡವರಲ್ಲಿ ಸುಮಾರು ಜನಕ್ಕೆ ಹಾಗಾಗತ್ತೆ. ತಾನಾಗೇ ಹೋಗತ್ತೆ.”

“ಹೋಗದೇ ಇದ್ರೂ ಪರವಾಗಿಲ್ಲ,” ಎಂದ ಅವನು.

ಗ್ಯಾರೇಜು ಈಗ ಮಗಳದು. ಮೇಸ್ತ್ರಿ ಗೋಡೆಯ ಪಕ್ಕ ಕುರ್ಚಿ ಹಾಕಿಕೊಂಡು ಕೂರುತ್ತಾನೆ. ಅವಳು ತಂದುಕೊಟ್ಟ ಭಾಗಗಳನ್ನು ಉಗುರಿನಲ್ಲಿ ಪರೀಕ್ಷಿಸುತ್ತಾನೆ, ಬಂದವರ ಜೊತೆ ಮಾತಾಡುತ್ತಾನೆ. ಹೆಂಡತಿ ಹೊಲಿಸಿಕೊಟ್ಟ ದಪ್ಪ ಬಟ್ಟೆಯ ಷೂ ಕಾಲಿನಿಂದ ಬಿಚ್ಚುವುದಿಲ್ಲ. ಜನ ಮಾತ್ರ ಇನ್ನೂ ಬರಿಗಾಲು ಮೇಸ್ತ್ರಿ ಎಂದೇ ಕರೆಯುತ್ತಾರೆ.

ಒಂದು ಮಧ್ಯಾಹ್ನ ಅವನು ಊಟ ಮಾಡಿ ಕುರ್ಚಿಯಲ್ಲೇ ತೂಕಡಿಸುತ್ತಿದ್ದ. ಬಾಯಿ ಸ್ವಲ್ಪ ತೆರೆದಿತ್ತು. ಮಗಳು ಬೇಕರಿಯವನ ವ್ಯಾನಿನಲ್ಲಿ ಕೂತು, ಹೊಸದಾಗಿ ಹಾಕಿದ ಕ್ಲಚ್ಚನ್ನು ಒತ್ತಿ ನೋಡುತ್ತಿದ್ದಳು. ಹೊರಗಿನ ಕನ್ನಡಿಯಲ್ಲಿ ಹಿಂದೆ ಕೂತ ಅಪ್ಪ ಕಾಣುತ್ತಿದ್ದ. ಅವಳು ಪೆಡಲ್ ಒತ್ತಿದಳು. ಕನ್ನಡಿಯಲ್ಲಿ ಅಪ್ಪನ ಎಡ ಪಾದ ಮುಂದಕ್ಕೆ ಬಾಗಿ ನೆಲ ಒತ್ತಿತು. ನಿದ್ದೆಯಲ್ಲಿ ಮಿಸುಕಿದನೇನೋ ಎಂದುಕೊಂಡಳು. ಪೆಡಲ್ ಬಿಟ್ಟಳು. ಪಾದ ಮೇಲೆ ಬಂತು.

ಅರ್ಧ ಒತ್ತಿ ಹಿಡಿದಳು. ಪಾದ ಅರ್ಧದಲ್ಲಿ ನಿಂತಿತು.

ವ್ಯಾನು ಅವನಿಂದ ಆರೇಳು ಮಾರು ದೂರದಲ್ಲಿತ್ತು, ಅವನ ಕಣ್ಣು ಮುಚ್ಚಿತ್ತು, ಹೊರಗೆ ಬೀದಿಯಲ್ಲಿ ಯಾರೋ ನಗುತ್ತಾ ಹೋಗುತ್ತಿದ್ದರು. ಇದೆಲ್ಲ ತನ್ನ ಭ್ರಮೆ ಎಂದು ತೀರ್ಮಾನ ಮಾಡಿಕೊಳ್ಳಲೆಂದೇ ಬೂಟುಗಾಲಿನಿಂದ ಪೆಡಲನ್ನು ಒಮ್ಮೆಲೇ ಕೊನೆಯವರೆಗೆ ತುಳಿದಳು.

“ಮೆಲ್ಲಗೆ ಕಣೆ,” ಎಂದ ಮೇಸ್ತ್ರಿ ಕಣ್ಣು ಬಿಡದೆ. “ನೋಯತ್ತೆ.”

ಕಾಲು ಎತ್ತಬೇಕೋ ಬೇಡವೋ ತಿಳಿಯದೆ ಅವಳು ಪೆಡಲನ್ನು ಹಾಗೇ ಹಿಡಿದು ಕೂತಳು. ಮೀನಖಂಡ ನಡುಗತೊಡಗಿತು. ಕೊನೆಗೆ ಬಲಗಾಲಿನ ಬೂಟು ಕಳಚಿ, ಆ ಬರಿಗಾಲನ್ನು ಪೆಡಲಿನ ಮೇಲೆ ತಂದು, ಮಗುವಿನ ತಲೆಯಡಿಯಿಂದ ಕೈ ತೆಗೆಯುವ ಹಾಗೆ, ಸ್ವಲ್ಪ ಸ್ವಲ್ಪವಾಗಿ ಬಿಟ್ಟಳು.